ಜಾರುವ ವಿಎಫ್‌ಒ, ಕುದಿಯುವ ಕಾಯಿಲ್

ಹೋದ ಸಂಚಿಕೆಯಲ್ಲಿ 40 ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ, ಮನೆಯಲ್ಲೇ ವಿಎಫ್‌ಒ ಕಟ್ಟುವುದರ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅರ್ಧ ಪುಟದಲ್ಲಿ ಮುಗಿಯುವ ಬಾಬತ್ತು ಅದಲ್ಲ ಅಂತ ಬರೆಯುವಾಗಲೇ ಗೊತ್ತಿತ್ತು. ಬಂದ ಪತ್ರಗಳನ್ನು ನೋಡಿದರೆ ಓದುಗರಿಗೂ ಗೊತ್ತಾಗಿದೆ.

ಆ ಪುಟ ಓದದವರಿಗೆ ಎರಡು ಮಾತು. ವಿಎಫ್‌ಒ ಅಂದರೆ ಬೇಕಾದ ಫ್ರೀಕ್ವೆನ್ಸಿಗೆ ತಿರುಗಿಸಿಕೊಳ್ಳಬಹುದಾದ ಆಸಿಲೇಟರ್. ರಿಸೀವರಿಗೂ ಟ್ರಾನ್ಸ್‌ಮಿಟರಿಗೂ ಅದೇ ಶ್ರುತಿಪೆಟ್ಟಿಗೆ. ಅದು ಅಪಶ್ರುತಿ ಹಿಡಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ದಂಡ. ನಾನು ಕೊಟ್ಟದ್ದು ರಾಲ್ಫ್ ಹಾರ್ಟ್ಲಿ 1915ರಲ್ಲಿ ವಾಲ್ವ್ ಇಟ್ಟು ಮಾಡಿದ ಸರ್ಕ್ಯೂಟನ್ನೇ, ವಾಲ್ವ್ ಜಾಗದಲ್ಲಿ ಬಿಎಫ್‌ಡಬ್ಲ್ಯು 10 ಫೆಟ್ (ಗೇಟ್, ಸೋರ್ಸ್, ಡ್ರೈನ್ ಅನ್ನುವ ಕಾಲುಗಳಿರುವ ಟ್ರಾನ್ಸಿಸ್ಟರ್) ಹಾಕಿ. ಟಿ50-6 ಅನ್ನುವ ಹಳದಿ ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 26 ಗೇಜ್ ಎನಾಮಲ್ ತಂತಿ 35 ಸುತ್ತು. ಗ್ರೌಂಡ್ ಕಡೆಯಿಂದ 9ನೇ ಸುತ್ತಿಗೆ ಒಂದು ಟ್ಯಾಪ್, ಅದಕ್ಕೆ ಫೆಟ್ಟಿನ ಸೋರ್ಸ್. ಕಾಯಿಲಿನ ಮೇಲ್ತುದಿಯಿಂದ 10 ಪಿಎಫ್ (ಪಿಕೋಫ್ಯಾರಡ್) ಕಂಡೆನ್ಸರ್ ಮೂಲಕ ಗೇಟ್. ಗೇಟಿನಿಂದ ಗ್ರೌಂಡಿಗೆ 1 ಮೆಗ್ ರೆಸಿಸ್ಟರ್, ಅದರ ಪಕ್ಕದಲ್ಲೇ ಒಂದು 4148 ಡಯೋಡ್, ಪಟ್ಟಿ ಗ್ರೌಂಡ್ ಕಡೆಗೆ. ಡ್ರೈನಿಗೆ ರೆಗ್ಯುಲೇಟರಿನಿಂದ 6 ವೋಲ್ಟ್. ಫ್ರೀಕ್ವೆನ್ಸಿ ತಿರುಗಿಸಲು ಕಾಯಿಲಿಗೆ ಪ್ಯಾರಲಲ್ಲಾಗಿ ಗ್ಯಾಂಗ್, ಅಂದರೆ ಷಾಫ್ಟ್ ತಿರುಗಿಸಿದರೆ ಕೆಪಾಸಿಟಿ ಬದಲಾಗುವ ಕಂಡೆನ್ಸರ್. ಅಷ್ಟೇ. ಸಾಮಾನು ಒಂದು ಅಂಗೈಯಲ್ಲಿ ಹಿಡಿಸುತ್ತದೆ. ತೊಂದರೆ ಶುರುವಾಗುವುದು ಆಮೇಲೆ.

*

ಶಿರಸಿ ಸಮೀಪದ ಅಡಿಕೆ ಬೆಳೆಗಾರರೊಬ್ಬರು: ನೀವು ಹೇಳಿದ ಹಾಗೇ ಕಟ್ಟಿದೆ, ಕೆಲಸ ಮಾಡ್ತಿದೆ. ಗ್ಯಾಂಗ್ ಮಾತ್ರ ನಮ್ಮಪ್ಪನ ಹಳೇ ವಾಲ್ವ್ ರೇಡಿಯೊದ್ದು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಇಡೀ ಬ್ಯಾಂಡೇ ಹಾರಿಹೋಗುತ್ತದೆ. ಸ್ಟೇಷನ್ ಹಿಡಿಯುವುದು ಅಂದರೆ ಸೊಳ್ಳೆ ಹೊಡೆದ ಹಾಗೆ ಆಗಿದೆ. ಏನು ಮಾಡಲಿ?

ಮೊದಲು, ಅಪ್ಪನ ರೇಡಿಯೊದ ಗ್ಯಾಂಗನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರಲ್ಲ, ಅದಕ್ಕೆ ಶಹಭಾಸ್. ಎರಡೂ ತುದಿಗೆ ಬೇರಿಂಗ್ ಇರುವ, ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಪ್ಲೇಟಿನ ಆ ಗಾಳಿ ಗ್ಯಾಂಗು ಈಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಟ್ರಾನ್ಸಿಸ್ಟರ್ ರೇಡಿಯೊದ ಪ್ಲಾಸ್ಟಿಕ್ ಗ್ಯಾಂಗಿಗಿಂತ ಅದು ಎಷ್ಟೋ ಮೇಲು. ಆದರೆ ಅದನ್ನು ಮಾಡಿದ್ದು ಮೀಡಿಯಂ ವೇವಿಗಾಗಿ. ನಿಮಗೆ ಅಷ್ಟು ಕೆಪಾಸಿಟಿ ಬೇಡ.

ಲೆಕ್ಕ ನೋಡಿ. 35 ಸುತ್ತಿನ ಆ ಕಾಯಿಲ್ 4.9 ಮೈಕ್ರೋಹೆನ್ರಿ. 25330 ಅನ್ನುವ ಒಂದು ಸಂಖ್ಯೆಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಮೆಗಾಹರ್ಟ್ಸ್‌ನ ವರ್ಗದಿಂದ ಭಾಗಿಸಿ, ಬಂದದ್ದನ್ನು ಮೈಕ್ರೋಹೆನ್ರಿಯಿಂದ ಭಾಗಿಸಿದರೆ ಎಷ್ಟು ಪಿಎಫ್ ಬೇಕು ಅಂತ ಬರುತ್ತದೆ. 7.000 ಮೆಗಾಹರ್ಟ್ಸ್‌ಗೆ 105.5 ಪಿಎಫ್. ನಮ್ಮ ದೇಶದಲ್ಲಿ ಬ್ಯಾಂಡಿನ ಮೇಲ್ತುದಿ 7.200, ಅದಕ್ಕೆ 99.7. ಅಂದರೆ ಇಡೀ ಬ್ಯಾಂಡಿಗೆ ಬೇಕಾದ ವ್ಯತ್ಯಾಸ ಬರೀ 5.8 ಪಿಎಫ್! ನನ್ನ ಹತ್ತಿರ ಇರುವ ಅಂಥದ್ದೇ ಗ್ಯಾಂಗನ್ನು ಅಳೆದರೆ ಪೂರ್ತಿ ತೆರೆದಾಗ 15 ಪಿಎಫ್, ಪೂರ್ತಿ ಮುಚ್ಚಿದಾಗ 350. ಆ 335ರಲ್ಲಿ 5.8 ಅಂದರೆ 180 ಡಿಗ್ರಿ ತಿರುಗುವ ಷಾಫ್ಟಿನಲ್ಲಿ ಮೂರೇ ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷಕ್ಕೆ ಸರಿಯುವಷ್ಟು. ಸೊಳ್ಳೆ ಹೊಡೆಯುವುದೇ ವಾಸಿ.

ಎಲ್ಲರೂ ಹೇಳುವ ಮದ್ದು, ಗ್ಯಾಂಗಿಗೆ ಸೀರೀಸಿನಲ್ಲಿ ಚಿಕ್ಕದೊಂದು ಕಂಡೆನ್ಸರ್ ಹಾಕಿ ಅಂತ. 15 ಪಿಎಫ್ ಹಾಕಿದರೆ ವ್ಯತ್ಯಾಸ 6.9 ಪಿಎಫ್‌ಗೆ ಇಳಿಯುತ್ತದೆ, ಸರಿ. ನಾನೂ ಹಾಗೇ ಮಾಡಿ ಮೋಸಹೋಗಿದ್ದೇನೆ. ಗ್ಯಾಂಗ್ ಪೂರ್ತಿ ತೆರೆದಲ್ಲಿಂದ ಬರೀ 50 ಪಿಎಫ್‌ಗೆ ಬರುವಷ್ಟರಲ್ಲಿ ಬ್ಯಾಂಡಿನ ಶೇಕಡಾ 59 ಭಾಗ ಮುಗಿದಿರುತ್ತದೆ. ಮಿಕ್ಕ ತೊಂಬತ್ತು ಪಾಲು ತಿರುವಿನಲ್ಲಿ ಉಳಿದ ಶೇಕಡಾ 41. ಡಯಲಿನ ಒಂದು ತುದಿಯಲ್ಲಿ ಸಂತೆ, ಇನ್ನೊಂದು ತುದಿಯಲ್ಲಿ ಬಯಲು.

ಇದಕ್ಕೆ ಹೀಗೆ ಮಾಡಿ. ಮೊದಲು ಗ್ಯಾಂಗಿನ ಮೈಗೇ ಪ್ಯಾರಲಲ್ಲಾಗಿ 100 ಪಿಎಫ್ ಹಾಕಿ. ಆಗ ಅದು 115ರಿಂದ 450ರವರೆಗೆ ಓಡಾಡುವ ಗ್ಯಾಂಗ್ ಆಯಿತು. ಆ ಜೋಡಿಗೆ ಸೀರೀಸಿನಲ್ಲಿ 39 ಪಿಎಫ್. ಈಗ ಕಾಯಿಲಿಗೆ ಕಾಣುವುದು 29.1ರಿಂದ 35.9 ಪಿಎಫ್. ವ್ಯತ್ಯಾಸ ಹೆಚ್ಚೂಕಡಿಮೆ ಹಿಂದಿನಷ್ಟೇ, ಆದರೆ ಮೊದಲು ಶೇಕಡಾ 59 ತಿಂದಿದ್ದ ಆ ಜಾಗ ಈಗ ಶೇಕಡಾ 27 ಮಾತ್ರ ತಿನ್ನುತ್ತದೆ. ಸಂತೆ ಸ್ವಲ್ಪ ಹರಡಿಕೊಂಡಿತು. ಉಳಿದ 70 ಪಿಎಫ್‌ಗೆ 27 ಮತ್ತು 22ರ ಎರಡು ಕಂಡೆನ್ಸರ್, ಒಂದು ಟ್ರಿಮ್ಮರ್ (ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ಕಂಡೆನ್ಸರ್). ಮಿಕ್ಕ ಐದಾರು ಪಿಎಫ್ಫನ್ನು ಫೆಟ್ಟು, ತಂತಿ, ಗಾಳಿ ಎಲ್ಲ ಸೇರಿ ತಾವೇ ತುಂಬಿಕೊಡುತ್ತವೆ. ಟ್ರಿಮ್ಮರಿನಲ್ಲಿ ಕೆಳತುದಿಯನ್ನು 7.000ಕ್ಕೆ ಕೂರಿಸಿದರೆ ಮೇಲ್ತುದಿ 7.237ರ ಹತ್ತಿರ ಬರುತ್ತದೆ.

ಪ್ಲೇಟು ಕಿತ್ತು ಗ್ಯಾಂಗನ್ನೇ ಚಿಕ್ಕದು ಮಾಡುವವರಿದ್ದಾರೆ. ಕೈ ಗಟ್ಟಿ ಇದ್ದರೆ ಅದೂ ಆದೀತು. ಆದರೆ ಅಪ್ಪನದು ಅಂತೀರಿ, ಇಕ್ಕಳ ಹಾಕಬೇಡಿ.

ಗುಂಡಿಗೆ ಹಳೇ ರೇಡಿಯೊದ ದೊಡ್ಡ ಚಕ್ರ, ಡಯಲ್ ದಾರ, ಸ್ಪ್ರಿಂಗು ಇದ್ದರೆ ಅವನ್ನೂ ತಂದು ಕೂರಿಸಿ. ದಾರ ಕಡಿದುಹೋಗಿದೆ ಅಂತ ಮೀನು ಹಿಡಿಯುವ ನೈಲಾನ್ ದಾರ ಮಾತ್ರ ಕಟ್ಟಬೇಡಿ. ಸಾಗರದಲ್ಲಿ ನನ್ನ ರೇಡಿಯೊ ರಿಪೇರಿ ಅಂಗಡಿ ಇದ್ದ ಕಾಲದಲ್ಲಿ ಒಬ್ಬ ಗಿರಾಕಿಗೂ ನನಗೂ ಅದನ್ನೇ ಕಟ್ಟಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆಗಾಲ ಹಿಡಿದದ್ದೇ ದಾರ ಸಡಿಲವಾಗಿ ಮುಳ್ಳು ಒಂದು ಕಡೆ, ಸ್ಟೇಷನ್ ಒಂದು ಕಡೆ. ಗಿರಾಕಿ ಛತ್ರಿ ಹಿಡಿದುಕೊಂಡು ಅಂಗಡಿಗೆ ಬಂದು ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

*

ಬಳ್ಳಾರಿಯಿಂದ ಒಬ್ಬರು, ಕಾಲೇಜಿನಲ್ಲಿ ಲ್ಯಾಬ್ ಸಹಾಯಕರು: ಟೊರಾಯ್ಡ್ ಸಿಗಲಿಲ್ಲ. ಟ್ರಾನ್ಸಿಸ್ಟರ್ ರೇಡಿಯೊದ ಐಎಫ್‌ಟಿ (ಒಳಗಿರುವ ಪುಟ್ಟ ಕಾಯಿಲ್ ಡಬ್ಬಿ) ಬಿಚ್ಚಿ ಅದರ ಮೇಲೇ ಕಾಯಿಲ್ ಸುತ್ತಿದೆ, ಡಬ್ಬದಲ್ಲಿದ್ದ ಸಿರಾಮಿಕ್ ಡಿಸ್ಕ್ ಕಂಡೆನ್ಸರ್ ಹಾಕಿದೆ. ಫ್ರೀಕ್ವೆನ್ಸಿ ಕೌಂಟರಿನಲ್ಲಿ ನೋಡಿದರೆ ಸ್ವಿಚ್ ಹಾಕಿದ ಹತ್ತು ನಿಮಿಷದಲ್ಲಿ 2 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ, ಗಂಟೆಯಾದರೂ ನಿಲ್ಲುವುದಿಲ್ಲ. ಫ್ಯಾನ್ ಹಾಕಿದರೆ ಮತ್ತೆ ಮೇಲೇರುತ್ತದೆ. ಫೆಟ್ ಬದಲಾಯಿಸಿದೆ, ಪ್ರಯೋಜನವಿಲ್ಲ.

ಫ್ಯಾನ್ ಹಾಕಿದರೆ ಮೇಲೇರುತ್ತದೆ ಅಂತ ಬರೆದಿರಲ್ಲ, ಉತ್ತರ ಅಲ್ಲೇ ಇದೆ. ಫೆಟ್ಟಿನ ತಪ್ಪಿಲ್ಲ, ಅದನ್ನು ಬಿಟ್ಟುಬಿಡಿ. ನಿಮ್ಮದು ಆಸಿಲೇಟರ್ ಅಲ್ಲ ಮಾರಾಯ್ರೆ, ಥರ್ಮಾಮೀಟರ್.

ನನ್ನ ಮೊದಲನೇ ವಿಎಫ್‌ಒ ಇದಕ್ಕಿಂತ ಕೇಡು. ಪ್ಲೈವುಡ್ ಹಲಗೆ ಮೇಲೆ ಕಟ್ಟಿ, ಬಿಸ್ಕೆಟ್ ಡಬ್ಬದ ಮುಚ್ಚಳ ಬಡಿದಿದ್ದೆ. ಒಂದು ಬೆಳಿಗ್ಗೆ ಮೈಸೂರಿನ ಸ್ಟೇಷನ್ ಒಂದರ ಜೊತೆ ಮಾತಾಡುತ್ತಿದ್ದಾಗ ಆ ಕಡೆಯ ಹಿರಿಯರು ಬಹಳ ಮರ್ಯಾದೆಯಿಂದ ಕೇಳಿದರು: "ತಾವು ಮಾತಾಡ್ತಾ ಬಸ್ಸಿನಲ್ಲಿ ಎಲ್ಲಿಗಾದರೂ ಹೊರಟಿದ್ದೀರಾ? ನಾನು ನಿಮ್ಮ ಹಿಂದೆ ಗುಂಡಿ ತಿರುಗಿಸಿ ತಿರುಗಿಸಿ ಸಾಕಾಯ್ತು." ಅವತ್ತಿನಿಂದ ಡ್ರಿಫ್ಟ್, ಅಂದರೆ ಫ್ರೀಕ್ವೆನ್ಸಿ ತಾನಾಗಿ ಜಾರುವುದು, ಅದರ ಬೆನ್ನು ಹತ್ತಿದೆ.

ಶಾಖ ಏರಿದರೆ ಕಾಯಿಲಿನ ಇಂಡಕ್ಟನ್ಸೂ ಏರುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಎಷ್ಟು ಅನ್ನುವುದು ಒಳಗಿನ ಕೋರಿನ ಮೇಲೆ ಹೋಗುತ್ತದೆ. ಹಳದಿ ಟೊರಾಯ್ಡಿನದು ಡಿಗ್ರಿಗೆ ಹತ್ತು ಲಕ್ಷದಲ್ಲಿ 35 ಪಾಲು. ಫ್ರೀಕ್ವೆನ್ಸಿ ಬದಲಾಗುವುದು ಅದರ ಅರ್ಧ. 7 ಮೆಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ ಒಂದು ಡಿಗ್ರಿಗೆ ಸುಮಾರು 120 ಹರ್ಟ್ಸ್. ಕೆಂಪು ಟೊರಾಯ್ಡ್, ಅಂದರೆ ಟಿ50-2, ಡಿಗ್ರಿಗೆ 95 ಪಾಲು. ನೀವು ಬಿಚ್ಚಿದ ಐಎಫ್‌ಟಿಯ ಒಳಗಿರುವುದು ಫೆರೈಟ್. ಅದರ ಮುಂದೆ ಇವೆರಡೂ ಸಾಧುಪ್ರಾಣಿಗಳು. ಫೆರೈಟ್ ಮೇಲೆ ವಿಎಫ್‌ಒ ಕಟ್ಟಬಾರದು, ಇದರಲ್ಲಿ ನನ್ನ ಹತ್ತಿರ ರಾಜಿಯಿಲ್ಲ. ಟೊರಾಯ್ಡ್ ಸಿಗದಿದ್ದರೆ ಕೋರೇ ಬೇಡ. ಒಳ್ಳೆ ಪಿಂಗಾಣಿ ಬಾಬಿನ್ನೋ ದಪ್ಪ ಪ್ಲಾಸ್ಟಿಕ್ ಕೊಳವೆಯೋ ಹುಡುಕಿ ಅದರ ಮೇಲೆ ತಂತಿಯನ್ನು ಬಿಗಿಯಾಗಿ ಸುತ್ತಿ ಅರಾಲ್ಡೈಟ್ ಸವರಿ. ರಟ್ಟಿನ ಕೊಳವೆ ಮಾತ್ರ ಬೇಡ, ತೇವ ಕುಡಿಯುತ್ತದೆ. ಬಳ್ಳಾರಿಯಲ್ಲಿ ನಿಮಗೆ ಆ ಚಿಂತೆ ಕಡಿಮೆ ಬಿಡಿ, ಇದು ನಮ್ಮ ಕಡೆಯವರಿಗೆ.

ಇನ್ನು ಕಂಡೆನ್ಸರು. ಡಬ್ಬದಲ್ಲಿ ಕೈಗೆ ಸಿಕ್ಕ ಡಿಸ್ಕುಗಳೆಲ್ಲ ಒಂದೇ ಜಾತಿಯಲ್ಲ. ತಲೆಯ ಮೇಲೆ ಕಪ್ಪು ಬಣ್ಣ ಹಚ್ಚಿದ್ದರೆ ಅದು ಎನ್‌ಪಿಒ, ಶಾಖಕ್ಕೆ ಹೆಚ್ಚುಕಡಿಮೆ ಅಲ್ಲಾಡದ್ದು. ನೇರಳೆ ಬಣ್ಣ ಇದ್ದರೆ ಡಿಗ್ರಿಗೆ 750 ಪಾಲು ಕೆಳಗಿಳಿಯುವ ಜಾತಿ. ಏನೂ ಬಣ್ಣವಿಲ್ಲದೆ 102, 103 ಅಂತ ಬರೆದಿರುವವು ಸಪ್ಲೈ ಬೈಪಾಸಿಗೆ ಲಾಯಕ್ಕು, ಟ್ಯೂನಿಂಗಿಗಲ್ಲ. ಇವಲ್ಲದೆ ಪಾಲಿಸ್ಟೈರಿನ್ ಅಂತ ಒಂದಿದೆ, ಕಲ್ಲುಸಕ್ಕರೆ ತುಂಡಿನ ಹಾಗೆ ಪಾರದರ್ಶಕ, ಒಳಗಿನ ಬೆಳ್ಳಿ ಹಾಳೆ ಕಾಣುತ್ತದೆ. ಶಾಖಕ್ಕೆ ಅದರ ಕೆಪಾಸಿಟಿ ಇಳಿಯುತ್ತದೆ, ಡಿಗ್ರಿಗೆ ಸುಮಾರು 150 ಪಾಲು. ಇಳಿಯುವುದು ಕೆಟ್ಟದ್ದು ಅಂದುಕೊಳ್ಳಬೇಡಿ. ಕಾಯಿಲ್ 35 ಏರಿಸುತ್ತದೆ, ಇದು 150 ಇಳಿಸುತ್ತದೆ. ಒಟ್ಟು 105 ಪಿಎಫ್‌ನಲ್ಲಿ ಕಾಲು ಭಾಗ ಮಾತ್ರ ಪಾಲಿಸ್ಟೈರಿನ್ ಹಾಕಿ, ಮಿಕ್ಕದ್ದಕ್ಕೆ ಎನ್‌ಪಿಒ ಹಾಕಿದರೆ ಇಳಿಕೆ 38ರ ಆಸುಪಾಸು. ಏರಿದ್ದೂ ಇಳಿದದ್ದೂ ಸರಿಗೆ ಸರಿ. ಶಿರಸಿಯವರಿಗೆ ಹೇಳಿದ ಆ 27 ಪಿಎಫ್ ಇದೇ. ಬೆಸುಗೆ ಹಾಕುವಾಗ ಮಾತ್ರ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ. ಐರನ್ ಸ್ವಲ್ಪ ಹೆಚ್ಚು ಹೊತ್ತು ತಾಗಿದರೂ ಕರಗಿ ಕೂರುತ್ತದೆ.

ಕಾಗದದ ಲೆಕ್ಕ ಹಾಗೇ ನಿಜವಾಗುವುದಿಲ್ಲ, ಎನ್‌ಪಿಒ ಕೂಡ ಆ ಕಡೆ ಈ ಕಡೆ 30 ಪಾಲು ಹೋಗಬಹುದು. ಅದಕ್ಕೆ ಪರೀಕ್ಷೆ ಮಾಡಬೇಕು. ಮುಚ್ಚಳ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಒಂದೊಂದೇ ಕಂಡೆನ್ಸರಿಗೆ ಮುಟ್ಟಿಸಿ ಕೌಂಟರ್ ನೋಡಿ. ಯಾವುದನ್ನು ತಣ್ಣಗೆ ಮಾಡಿದಾಗ ಅಂಕಿ ಓಡುತ್ತದೋ ಅವನೇ ಕಳ್ಳ. ಪಕ್ಕದಲ್ಲಿ ಬಿಸಿ ಐರನ್ ಇಟ್ಟುಕೊಂಡು ಇದನ್ನು ಮಾಡಬೇಡಿ, ಸ್ಪಿರಿಟ್ಟಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಆಮೇಲೆ ಮುಚ್ಚಳ ಹಾಕಿ, ಐದೈದು ನಿಮಿಷಕ್ಕೊಮ್ಮೆ ಒಂದು ಗಂಟೆ ಫ್ರೀಕ್ವೆನ್ಸಿ ಬರೆದಿಡಿ. ಇನ್ನೂ ಇಳಿಯುತ್ತಿದ್ದರೆ ಪಾಲಿಸ್ಟೈರಿನ್ ಸ್ವಲ್ಪ ಹೆಚ್ಚಿಸಿ, ಅಷ್ಟೇ ಎನ್‌ಪಿಒ ಕಡಿಮೆ ಮಾಡಿ. ಏರುತ್ತಿದ್ದರೆ ಅದೇ ತಿರುಗಾಮುರುಗಾ. ನನಗೆ ಮೂರು ಸಂಜೆ ಹಿಡಿಯಿತು. ಮೊದಲ 20 ನಿಮಿಷ ಬಿಟ್ಟು ನೋಡಿದರೆ ಈಗ ಗಂಟೆಗೆ 50 ಹರ್ಟ್ಸ್ ಒಳಗಿದೆ.

ಇನ್ನೊಂದು ಮಾತು. 6 ವೋಲ್ಟಿನ ರೆಗ್ಯುಲೇಟರನ್ನು ಕಾಯಿಲ್ ಇರುವ ಡಬ್ಬದ ಒಳಗೆ ಕೂರಿಸಿದ್ದೀರಾ ಅಂತ ನಿಮ್ಮ ಪತ್ರದಲ್ಲಿಲ್ಲ. ಕೂರಿಸಿದ್ದರೆ ಇವತ್ತೇ ಹೊರಗೆ ಹಾಕಿ. ಒಲೆಯನ್ನು ಒಳಗಿಟ್ಟುಕೊಂಡು ಮನೆ ತಂಪಾಗಿಲ್ಲ ಅಂದ ಹಾಗಾಗುತ್ತದೆ. ಡಬ್ಬ ಆದಷ್ಟೂ ದಪ್ಪ ಲೋಹದ್ದಿರಲಿ, ಎರಕದ ಅಲ್ಯೂಮಿನಿಯಂ ಸಿಕ್ಕರೆ ಬಿಡಬೇಡಿ. ತಗಡಿನ ಡಬ್ಬ ಬೆರಳು ಒತ್ತಿದರೆ ನಡುಗುತ್ತದೆ, ಅದರ ಜೊತೆ ನಿಮ್ಮ ಸ್ವರವೂ ನಡುಗುತ್ತದೆ. ಹೊರಗಿನಿಂದ ಒಂದು ಸುತ್ತು ಥರ್ಮಾಕೋಲ್ ಹೊದಿಸಿದರೆ ಫ್ಯಾನಿನ ಗಾಳಿಯೂ ತಟ್ಟುವುದಿಲ್ಲ.

ಎಲ್ಲ ಸರಿಯಿದ್ದೂ ಫ್ರೀಕ್ವೆನ್ಸಿ 'ಟಿಕ್ ಟಿಕ್' ಅಂತ ಹಾರಿದರೆ ಡಬ್ಬದೊಳಗೆ ಇಣುಕಿ ನೋಡಿ. ನನ್ನದು ಎರಡು ರಾತ್ರಿ ಹಾಗೆ ಹಾರಿತು. ಬೆಸುಗೆಯನ್ನೆಲ್ಲ ಮತ್ತೆ ಹಾಕಿದೆ, ಟ್ರಿಮ್ಮರ್ ಬದಲಾಯಿಸಿದೆ. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಗ್ಯಾಂಗಿನ ಪ್ಲೇಟುಗಳ ಸಂದಿಯಲ್ಲಿ ಕಪ್ಪಿರುವೆ ಸಾಲು. ಬೆಚ್ಚಗಿದೆ ಅಂತ ಬಿಡಾರ ಹೂಡಿದ್ದವು. ಒಂದೊಂದು ಇರುವೆ ದಾಟುವಾಗಲೂ ಒಂದೊಂದು ಟಿಕ್. ಷಾಫ್ಟಿನ ತೂತಿನ ಸುತ್ತ ಫೆಲ್ಟ್ ಬಟ್ಟೆ ಅಂಟಿಸಿದ ಮೇಲೆ ನಿಂತಿತು.

*

ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿ: ಸರ್, ಎಸ್‌ಐ 5351 ಅನ್ನುವ ಫ್ರೀಕ್ವೆನ್ಸಿ ಹುಟ್ಟಿಸುವ ಚಿಪ್ಪಿನ ಮಾಡ್ಯೂಲ್ ಮತ್ತು ಅದನ್ನು ನಡೆಸಲು ಒಂದು ಆರ್ಡುಯಿನೊ ನ್ಯಾನೊ (ಪುಟ್ಟ ಕಂಪ್ಯೂಟರ್ ಬೋರ್ಡು) ಇದ್ದರೆ ಒಂದು ಸಂಜೆಯಲ್ಲಿ ಡಿಜಿಟಲ್ ವಿಎಫ್‌ಒ ಆಗುತ್ತದೆ. ಡ್ರಿಫ್ಟ್ ಇಲ್ಲ, ಗ್ಯಾಂಗ್ ಬೇಡ, ಡಿಸ್‌ಪ್ಲೇ ಕೂಡ ಬರುತ್ತದೆ. ಮತ್ತೆ ಈ ಕಾಯಿಲ್ ಸುತ್ತುವ ಕೆಲಸ ಯಾಕೆ?

ಬೇಡ ತಮ್ಮಾ, ಸುತ್ತಬೇಡ. ಬೇಗ ಗಾಳಿಗೆ ಬರಬೇಕು ಅನ್ನುವುದಾದರೆ ಆ ಮಾಡ್ಯೂಲನ್ನೇ ಹಾಕು. 25 ಮೆಗಾಹರ್ಟ್ಸ್ ಕ್ರಿಸ್ಟಲ್ ಹಿಡಿದುಕೊಂಡು 8 ಕಿಲೋಹರ್ಟ್ಸ್‌ನಿಂದ 160 ಮೆಗಾಹರ್ಟ್ಸ್‌ವರೆಗೆ ಏನು ಬೇಕೋ ಕೊಡುತ್ತದೆ, ಅದೂ ಮೂರು ಔಟ್‌ಪುಟ್. ನನ್ನ ಹತ್ತಿರವೂ ಎರಡಿವೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು 2003ರಲ್ಲಿ ಸಾಮಾನ್ಯ ಟ್ರಾನ್ಸಿಸ್ಟರುಗಳಲ್ಲೇ ಕಟ್ಟಬಹುದಾದ ಬಿಟ್‌ಎಕ್ಸ್ ಟ್ರಾನ್ಸೀವರ್ ಕೊಟ್ಟಾಗ ಅದರಲ್ಲಿದ್ದದ್ದು ಕಾಯಿಲ್ ಸುತ್ತಿದ ವಿಎಫ್‌ಒ. ಮುಂದೆ ಬಂದ ಬಿಟ್‌ಎಕ್ಸ್ 40 ಸೆಟ್ಟಿಗೆ ಅವರೇ ನ್ಯಾನೊ ಮತ್ತು ಇದೇ 5351 ಚಿಪ್ ಇರುವ ಬೋರ್ಡು ಸೇರಿಸಿದರು. ಸರ್ಕ್ಯೂಟು ಕೊಟ್ಟವರೇ ಬದಲಾಯಿಸಿರುವಾಗ ನಾನು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಎರಡು ಎಚ್ಚರಿಕೆ. ಅದರಿಂದ ಬರುವುದು ಚೌಕ ಅಲೆ, ಸೈನ್ ಅಲ್ಲ. ಎರಡು ಫ್ರೀಕ್ವೆನ್ಸಿ ಬೆರೆಸುವ ಮಿಕ್ಸರ್ ಸರ್ಕ್ಯೂಟಿಗೆ ಅದು ಒಳ್ಳೆಯದೇ. ಟ್ರಾನ್ಸ್‌ಮಿಟರಿಗೆ ಕೊಡುವಾಗ ಲೋ ಪಾಸ್ ಫಿಲ್ಟರ್ ಇಲ್ಲದಿದ್ದರೆ 7 ಮೆಗಾಹರ್ಟ್ಸ್ ಜೊತೆ 21ರಲ್ಲೂ 35ರಲ್ಲೂ ನಿನ್ನ ದನಿ ಕೇಳಿಸುತ್ತದೆ. ಇನ್ನೊಂದು, ಡಿಸ್‌ಪ್ಲೇ ಮತ್ತು ನ್ಯಾನೊದ ಗಲಾಟೆ ರಿಸೀವರಿನೊಳಗೆ ನುಗ್ಗುತ್ತದೆ, ಅವಕ್ಕೆ ಬೇರೆ ಡಬ್ಬ ಬೇಕು.

ನೀನು ಕೇಳಿದ 'ಯಾಕೆ'ಗೆ ನನ್ನ ಉತ್ತರ ಸಣ್ಣದು. 5351 ಕೆಟ್ಟರೆ ಇನ್ನೊಂದು ತರಿಸಬೇಕು. ಕಾಯಿಲ್ ವಿಎಫ್‌ಒ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಗೊತ್ತಾಗುತ್ತದೆ. ಮತ್ತೆ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಗಾಳಿ ಗ್ಯಾಂಗನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಮೋರ್ಸ್ ಸ್ವರ ದಪ್ಪದಿಂದ ಸಣ್ಣಕ್ಕೆ ಜಾರುತ್ತದಲ್ಲ, ಹತ್ತು ಹರ್ಟ್ಸ್ ಮೆಟ್ಟಿಲಿನ ಡಿಜಿಟಲ್ ಗುಂಡಿಯಲ್ಲಿ (ಎನ್‌ಕೋಡರ್) ಆ ಜಾರು ಇಲ್ಲ. ಇದು ವಾದವಲ್ಲ, ಮುದುಕನ ಚಟ.

ಪತ್ರದ ಕೊನೆಯಲ್ಲಿ, ಕೌಂಟರ್ ಇಲ್ಲದೆ ಹಿಂದಿನವರು ಡಯಲಿಗೆ ಹೇಗೆ ಗುರುತು ಹಾಕುತ್ತಿದ್ದರು ಅಂತ ಕೇಳಿದ್ದೀ. ಒಳ್ಳೆ ಪ್ರಶ್ನೆ. ಟೆಲಿಫೋನ್ ಟೋನಿನ ಸರ್ಕ್ಯೂಟುಗಳಲ್ಲಿ 3.579545 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ, ಹಳೇ ಬೋರ್ಡಿನಲ್ಲೂ ಸಿಗುತ್ತದೆ. ಒಂದು ಬಿಸಿ 547 ಟ್ರಾನ್ಸಿಸ್ಟರ್ ಇಟ್ಟು ಅದನ್ನು ಆಸಿಲೇಟ್ ಮಾಡಿಸಿದರೆ ಎರಡನೇ ಹಾರ್ಮೋನಿಕ್, ಅಂದರೆ ಎರಡರಷ್ಟು ಫ್ರೀಕ್ವೆನ್ಸಿ, 7159 ಕಿಲೋಹರ್ಟ್ಸ್‌ನಲ್ಲಿ, ನಮ್ಮ ಬ್ಯಾಂಡಿನೊಳಗೇ, ಸೀಟಿ ಹಾಕುತ್ತದೆ. 1 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಅದರ ಏಳನೇದು ಸರಿಯಾಗಿ 7000ಕ್ಕೆ ಬೀಳುತ್ತದೆ. ಗುಂಡಿ ತಿರುಗಿಸುತ್ತಾ ಸೀಟಿ ದಪ್ಪವಾಗಿ, ಇನ್ನೂ ದಪ್ಪವಾಗಿ, ಕೊನೆಗೆ ನಿಶ್ಶಬ್ದವಾಗುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೀಟು ಎಳೆ.

*

ಮಂಗಳೂರಿನಿಂದ, ಹೊಸದಾಗಿ ಲೈಸೆನ್ಸ್ ಪಡೆದವರು: ವಿಎಫ್‌ಒ ಒಂದನ್ನೇ ಓಡಿಸಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. 5 ವಾಟಿನ ಟ್ರಾನ್ಸ್‌ಮಿಟರಿಗೆ ಜೋಡಿಸಿ ಮೋರ್ಸ್ ಕೀ ಒತ್ತಿದರೆ 'ಚಿಂವ್ ಚಿಂವ್' ಅನ್ನುತ್ತದೆ. ಎದುರಿನವರು ಗುಬ್ಬಿ ಸಾಕಿದ್ದೀರಾ ಅಂತ ಕೇಳ್ತಾರೆ.

ಇದಕ್ಕೆ ಚರ್ಪ್ ಅಂತಲೇ ಹೆಸರು. ಕೀ ಒತ್ತಿದ ಕ್ಷಣ ಫ್ರೀಕ್ವೆನ್ಸಿ ಜಗ್ಗಿ ಮತ್ತೆ ಜಾಗಕ್ಕೆ ಬರುತ್ತಿದೆ. ಕಾರಣ ಮೂರರಲ್ಲಿ ಒಂದು, ಕಂಡುಹಿಡಿಯುವುದು ಸುಲಭ.

ಮೊದಲು ಆಂಟೆನಾ ಬಿಚ್ಚಿ, ಅದರ ಜಾಗದಲ್ಲಿ ಪವರ್ ನುಂಗುವ ಡಮ್ಮಿ ಲೋಡ್ ಹಾಕಿ. 1 ಕೆ ರೆಸಿಸ್ಟರ್ 20 ತಂದು ಪ್ಯಾರಲಲ್ ಬೆಸುಗೆ ಹಾಕಿದರೆ 50 ಓಮ್ ಆಯಿತು, ಅರ್ಧ ವಾಟಿನವಾದರೆ 10 ವಾಟ್ ತಡೆಯುತ್ತದೆ. ಇನ್ನು ವಿಎಫ್‌ಒಗೆ ಮಾತ್ರ ಬೇರೆ 9 ವೋಲ್ಟ್ ಬ್ಯಾಟರಿ ಕೊಟ್ಟು ಕೀ ಒತ್ತಿ. ಗುಬ್ಬಿ ಹಾರಿಹೋದರೆ ನಿಮ್ಮ ಸಪ್ಲೈ ಕುಸಿಯುತ್ತಿತ್ತು ಅಂತ ಅರ್ಥ. ಹೋಗದಿದ್ದರೆ ಬಫರ್, ಅಂದರೆ ಆಸಿಲೇಟರಿಗೂ ಮುಂದಿನ ಹಂತಕ್ಕೂ ನಡುವಿನ ತಡೆ, ಇದೆಯೇ ನೋಡಿ. ಆಸಿಲೇಟರಿನಿಂದ ನೇರವಾಗಿ ಡ್ರೈವರಿಗೆ ಎಳೆದಿದ್ದರೆ ಮುಂದಿನವನು ಅಲ್ಲಾಡಿದಾಗಲೆಲ್ಲ ಹಿಂದಿನವನೂ ಅಲ್ಲಾಡುತ್ತಾನೆ. ಟ್ಯಾಪಿನಿಂದ 10 ಪಿಎಫ್ ಮೂಲಕ ಒಂದು ಫೆಟ್ ಸೋರ್ಸ್ ಫಾಲೋವರ್, ಅದರ ಮುಂದೆ ಒಂದು ಬಿಸಿ 547 ಎಮಿಟರ್ ಫಾಲೋವರ್, ಇಷ್ಟಾದರೂ ನಡುವೆ ಇರಬೇಕು. ಈ ಎರಡು ಹಂತಕ್ಕೆ ಕೀ ಹಾಕಬೇಡಿ, ಯಾವಾಗಲೂ ಓಡುತ್ತಿರಲಿ.

ಇದೂ ಆಗದಿದ್ದರೆ ಟ್ರಾನ್ಸ್‌ಮಿಟರಿನ 7 ಮೆಗಾಹರ್ಟ್ಸ್ ತಿರುಗಿ ಬಂದು ವಿಎಫ್‌ಒ ಒಳಗೆ ಹೊಕ್ಕುತ್ತಿದೆ. ಶೀಲ್ಡಿಂಗ್ ಮಾಡುತ್ತಾ ಹೋದರೆ ಮುಗಿಯುವುದಿಲ್ಲ, ವಿಎಫ್‌ಒವನ್ನೇ 3.5ಕ್ಕೆ ಇಳಿಸಿ, ಮುಂದೆ ಫ್ರೀಕ್ವೆನ್ಸಿಯನ್ನು ಎರಡರಷ್ಟು ಮಾಡುವ ಡಬ್ಲರ್ ಹಾಕಿ. ಅದೇ ಕಾಯಿಲಿಗೆ 105ರ ಬದಲು 422 ಪಿಎಫ್ ಬೇಕಾಗುತ್ತದೆ, ಟ್ಯೂನಿಂಗ್ ಲೆಕ್ಕವನ್ನು ಮತ್ತೆ ಮಾಡಬೇಕು. ಆದರೆ ಅಷ್ಟು ದೊಡ್ಡ ಕೆಪಾಸಿಟಿಯ ಮುಂದೆ ಫೆಟ್ಟಿನ ಎರಡು ಮೂರು ಪಿಎಫ್ ಅಲ್ಲಾಟ ಲೆಕ್ಕಕ್ಕೇ ಬರುವುದಿಲ್ಲ, ಅದೊಂದು ಲಾಭ.

*

ತುಮಕೂರಿನ ಪಿಯುಸಿ ಹುಡುಗ: ಲೈಸೆನ್ಸ್ ಇಲ್ಲದೆ ವಿಎಫ್‌ಒಗೆ ಆಂಟೆನಾ ಹಾಕಿ ನೋಡಬಹುದಾ?

ಇಲ್ಲ. 12 ವರ್ಷ ತುಂಬಿದ್ದರೆ ಪರೀಕ್ಷೆ ಬರೆಯಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ. ಅಲ್ಲಿಯವರೆಗೆ ರಿಸೀವರ್ ಕಟ್ಟಿ ಕೇಳು. ಕೇಳಿ ಕಲಿಯುವುದೇ ಬಹಳವಿದೆ.

*

ತೀರ್ಥಹಳ್ಳಿಯಿಂದ ಒಬ್ಬ ಗೃಹಿಣಿ: ನಿಮ್ಮ ಬರಹ ಓದಿ ನಮ್ಮನೆಯವರು ಹಾಲು ಕಾಯಿಸುವ ಪಾತ್ರೆಯಲ್ಲಿ ತಾಮ್ರದ ತಂತಿಯ ಉಂಗುರ ಹಾಕಿ ಹತ್ತು ನಿಮಿಷ ಕುದಿಸಿದರು. ಕೇಳಿದರೆ ನಿಮ್ಮ ಹೆಸರು ಹೇಳುತ್ತಾರೆ. ಇದು ನಿಜವಾಗಿ ಬೇಕಾದ ಕೆಲಸವೇ, ಅಥವಾ ಇವರು ನನ್ನನ್ನು ಏಮಾರಿಸುತ್ತಿದ್ದಾರೋ?

ಅಮ್ಮಾ, ಏಮಾರಿಸುತ್ತಿಲ್ಲ. ಕುದಿಸಿ ಅಂತ ಬರೆದವನು ನಾನೇ, ತಪ್ಪೊಪ್ಪಿಕೊಂಡೆ. ಬಿಗಿಯಾಗಿ ಸುತ್ತಿದ ತಂತಿ ಹೊಸ ಚಪ್ಪಲಿಯ ಹಾಗೆ, ಮೊದಮೊದಲು ಮೈಯೆಲ್ಲ ಸೆಟೆದುಕೊಂಡಿರುತ್ತದೆ. ದಿನ ಕಳೆದಂತೆ ಬಿಸಿಗೆ, ತಂಪಿಗೆ ಕೊಂಚಕೊಂಚವೇ ಸಡಿಲವಾಗುತ್ತದೆ, ಅಷ್ಟಕ್ಕೇ ಫ್ರೀಕ್ವೆನ್ಸಿ ಜಾಗ ಬಿಡುತ್ತದೆ. ಒಂದು ಸಲ ಕುದಿಸಿ, ನೀರಿನಲ್ಲೇ ತಾನಾಗಿ ಆರಲು ಬಿಟ್ಟರೆ ಆ ಸೆಟೆತವೆಲ್ಲ ಒಂದೇ ಸಲಕ್ಕೆ ಇಳಿಯುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ, ಉಗುರುಬಣ್ಣವನ್ನೋ ಜೇನುಮೇಣವನ್ನೋ ತೆಳ್ಳಗೆ ಸವರಿ ಸುತ್ತುಗಳನ್ನು ಜಾಗದಲ್ಲಿ ಹಿಡಿಸಬೇಕು. ನಿಮ್ಮ ಉಗುರುಬಣ್ಣದ ಸೀಸೆ ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ಆದರೆ ಹಾಲಿನ ಪಾತ್ರೆಯಲ್ಲಿ ಅಂತ ನಾನು ಬರೆದಿರಲಿಲ್ಲ. ಆ ತಂತಿ ಬರುವುದು ಮೋಟರ್ ರಿವೈಂಡಿಂಗ್ ಅಂಗಡಿಯಿಂದ, ಅದರ ಮೇಲೆ ಎನಾಮಲ್ ಅಲ್ಲದೆ ಎಣ್ಣೆ, ಮೇಣ, ಅಂಗಡಿಯ ಧೂಳು ಎಲ್ಲ ಇರುತ್ತದೆ. ಆ ಪಾತ್ರೆಯಲ್ಲಿ ಇನ್ನು ಹಾಲು ಕಾಯಿಸಬೇಡಿ. ಮುಂದಿನ ಕಾಯಿಲಿಗೆ ಇರಲಿ ಅಂತ ಅವರ ಟೇಬಲ್ಲಿನ ಕೆಳಗೆ ಇಟ್ಟುಬಿಡಿ. ಒಂದಕ್ಕೆ ನಿಲ್ಲುವ ಜಾತಿಯಲ್ಲ ಅವರದು. ಹೊಸ ಪಾತ್ರೆಗೆ ಅವರನ್ನೇ ಪೇಟೆಗೆ ಕಳಿಸಿ. ದಾರಿಯಲ್ಲಿ ರೇಡಿಯೊ ಗುಜರಿ ಅಂಗಡಿ ಇದ್ದರೆ ಮಾತ್ರ ಜೊತೆಗೆ ನೀವೂ ಹೋಗಿ.